ಉಲ್ಹಾಸನಗರದ ದುರ್ಬೀನು

ಮುಂಬಯಿ ಹತ್ತಿರದ ಕಲ್ಯಾಣದ ಚಾಳಿನಲ್ಲಿ ನಮ್ಮ ಪಕ್ಕದ ಮನೆಯ ಯಜಮಾನರು ಬಿಜಾಪುರದ ಕಡೆಯವರು, ಕಾರ್ಖಾನೆಯಲ್ಲಿ ಕೆಲಸ. ಮಗಳು ಶಾಲೆಯ ಏರ್ ರೈಫಲ್ ಸ್ಪರ್ಧೆಗೆ ಹೆಸರು ಕೊಟ್ಟಾಗ, ಅವಳ ಅಗ್ಗದ ರೈಫಲ್ಲಿಗೆ ಗುರಿ ನೋಡುವ ದುರ್ಬೀನು ಕೊಳ್ಳಲು ನನ್ನನ್ನೂ ಪಕ್ಕದ ಉಲ್ಹಾಸನಗರದ ಅಗ್ಗದ ಪೇಟೆಗೆ ಕರೆದೊಯ್ದರು. ಒಂದೊಂದನ್ನೂ ಅಂಗಡಿಯ ಬಾಗಿಲಿಗೆ ತಂದು, ಅದರಲ್ಲಿ ಎದುರಿನ ಬೋರ್ಡು ನೋಡಿ ವಾಪಸು ಕೊಡುವರು. ಅಂಗಡಿಯವನು ಸಿಡುಕಿದರೆ ಒಂದೇ ಮಾತು: “ಗಡಿಬಿಡಿ ಬ್ಯಾಡ್ರಿ, ನೋಡೂಣು.” ಮಗಳ ಭುಜಕ್ಕೆ ಒತ್ತಬಾರದೆಂದು ರೈಫಲ್ಲಿನ ಹಿಂಬದಿಗೆ ತಮ್ಮ ಸ್ವೆಟರಿನ ತೋಳು ಕತ್ತರಿಸಿ ಸುತ್ತಿದರು.

ಸ್ಪರ್ಧೆಯ ದಿನ ತೀರ್ಪುಗಾರರು ದುರ್ಬೀನು ನಡೆಯುವುದಿಲ್ಲ ಎಂದರು. ನಾವ್ಯಾರೂ ನಿಯಮ ಕೇಳಿಯೇ ಇರಲಿಲ್ಲ.

“ಬಾಬಾ, ಅಬ್ ಕ್ಯಾ?” ಈಗೇನು ಮಾಡುವುದೆಂದು ಮಗಳು ಅಪ್ಪನನ್ನು ಕೇಳಿದಳು.

“ಗಡಿಬಿಡಿ ಬ್ಯಾಡವ್ವಾ, ನೋಡೂಣು,” ಎಂದು ಸ್ಕ್ರೂ ಬಿಚ್ಚಿ ದುರ್ಬೀನನ್ನು ತೆಗೆದರು.

ಅವಳು ಬರಿಗಣ್ಣಲ್ಲೇ ಗುರಿಯಿಟ್ಟು ಹೊಡೆದಳು. ಇವರು ಹಿಂದಿನ ಬೆಂಚಿನಲ್ಲಿ ಕೂತು ದುರ್ಬೀನನ್ನು ಕಣ್ಣಿಗೆ ಹಿಡಿದರು. ಗುಂಡು ಎಲ್ಲಿ ಬಿತ್ತೆಂದು ಕೇಳಿದೆ.

“ಗೊತ್ತಿಲ್ರಿ. ನಾ ಮಗಳ್ನ ನೋಡಾಕತ್ತೀನಿ.”