ದಾದಿಯ ಬಲಗಾಲ ಕಿರುಬೆರಳು

ಶತಮಾನ ಕಂಡ ಕಸುಬೊಂದರ ಅಳಿವು-ಉಳಿವು ಸದ್ಯಕ್ಕೆ ಆಸ್ಪತ್ರೆಯ ಹಿರಿಯ ದಾದಿಯೊಬ್ಬರ ಬಲಗಾಲ ಕಿರುಬೆರಳಿನ ಮೇಲೆ ನಿಂತಿದೆ. ಆ ಬೆರಳಿನ ಮೇಲೆ ಒಂದು ಆಣಿಯೂ ಇದೆ.

ಬೆಳಗಿನ ಐದೂವರೆ. ಬೂಟಿನ ಕಾರ್ಖಾನೆಯ ಕಿಟಕಿಯ ಪಕ್ಕದ ಬೆಂಚಿನಲ್ಲಿ ಎಪ್ಪತ್ತೊಂದರ ಅಚ್ಚಜ್ಜ ಮರದ ಪಾದವೊಂದನ್ನು ತೊಡೆಗಳ ನಡುವೆ ಇರುಕಿಸಿಕೊಂಡು, ಕಿರುಬೆರಳ ಜಾಗಕ್ಕೆ ಬೇಳೆಯಷ್ಟು ಚರ್ಮದ ತೇಪೆ ಅಂಟಿಸುತ್ತಿದ್ದಾರೆ. ಬೂಟು ಹೊಲಿಯುವುದು ಇಂಥ ಅಚ್ಚಿನ ಮೇಲೆ. ಅಚ್ಚು ಉಬ್ಬಿದಲ್ಲಿ ಬೂಟಿನೊಳಗೆ ಜಾಗ.

ಈ ಊರಿಗೆ ಮೊದಲು ಚರ್ಮ ಹದಮಾಡುವವರು ಬಂದರು, ಆಮೇಲೆ ಸೈನ್ಯದ ಬೂಟಿನ ಆರ್ಡರು, ಊರು ಅನ್ನಿಸಿಕೊಳ್ಳುವಂಥದ್ದು ಅದರ ಬೆನ್ನಿಗೆ. ಮೂವತ್ತೊಂದು ಕಾರ್ಖಾನೆಗಳಿದ್ದವು. ಈಗ ಒಂದೇ ಕಾರ್ಖಾನೆ, ಅಚ್ಚು ಕೆತ್ತಲು ಒಬ್ಬರೇ ಅಜ್ಜ. ದಿನಕ್ಕೆರಡು ಜೋಡಿ ಅಚ್ಚು, ಐವತ್ತೈದು ವರ್ಷದಿಂದ. "ಬೀಗರ ಹೆಸರೇ ಮರ್ತುಹೋಗುತ್ತೆ. ಹಿಮ್ಮಡಿ ತೋರ್ಸಿ, ಯಾರು ಅಂತ ಹೇಳ್ತೀನಿ," ಎನ್ನುತ್ತಾರೆ.

ಮಾಲೀಕ ಅವರ ಸೋದರಳಿಯ, ಅಕ್ಕನ ಮಗ. ಅವನಿಗೆ ಪೆಟ್ಟಿಗೆಗಟ್ಟಲೆ ಸಿಗುವ ಪ್ಲಾಸ್ಟಿಕ್ ಅಚ್ಚು ಬೇಕು. ಮಾದರಿಗೆಂದು ತರಿಸಿದ ಒಂದು ಜೋಡಿಯ ಮೇಲೆ ಹೊಲಿದ ಬೂಟನ್ನು, ಕಿರುಬೆರಳು ಕಚ್ಚುತ್ತದೆಂದು ದಾದಿ ಎರಡು ಸಲ ಹಿಂದಿರುಗಿಸಿದ್ದಾರೆ.

"ಮಾವ, ನಿಂದೂ ಕಚ್ಚಿತೋ, ಬೆಂಚು ಎತ್ತಿಸ್ತೀನಿ."

"ಎತ್ತಿಸಪ್ಪಾ. ನೀನು ನಡೆಯೋದು ಕಲ್ತ ಬೂಟೂ ಇದೇ ಬೆಂಚಿಂದು."

ನಾಲ್ಕನೆಯ ದಿನ ದಾದಿ ಬಂದು ಹೊಸ ಬೂಟು ತೊಟ್ಟು ನಿಲ್ಲುತ್ತಾರೆ. "ಎಡಗಾಲಿಗೆ ಅರಮನೆ, ಅಜ್ಜ. ಬಲಗಾಲಿಗೆ ಅತ್ತೆಮನೆ."

ಅಜ್ಜ ಕಣ್ಣು ಮುಚ್ಚುತ್ತಾರೆ. ಎದುರು ಕೂತು ಅಳತೆ ತೆಗೆಯುವವರಿಗೆ ಗಿರಾಕಿಯ ಬಲಗಾಲು ತಮ್ಮ ಎಡಕ್ಕೆ. ಕಸುಬಿನಲ್ಲಿ ಮೊದಲ ದಿನದ ಪಾಠ ಇದು. "ತೇಪೆ ಎಡಗಾಲಿನ ಅಚ್ಚಿಗೆ ಹಾಕ್ಬಿಟ್ಟೆ. ಇದಕ್ಕೇ ಎಷ್ಟು ಜನಕ್ಕೆ ಬೈದಿಲ್ಲ ನಾನು."

ಅಳಿಯ ಕಣ್ಣಲ್ಲೇ ಬೆಂಚಿನ ಉದ್ದ ಅಳೆಯುತ್ತಾನೆ.

ಅಜ್ಜ ತೇಪೆ ಕಿತ್ತು ಬಲಗಾಲಿನ ಅಚ್ಚಿಗೆ ಅಂಟಿಸಿ, ಬಲಗಾಲ ಬೂಟಿನ ಚರ್ಮ ನೆನೆಸಿ, ಅಚ್ಚನ್ನು ಒಳಗೆ ತೂರಿಸಿ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾರೆ. ದಾದಿ ಕಾಲುಚೀಲದಲ್ಲೇ ಮೂರು ಗಂಟೆ ಕೂರುತ್ತಾರೆ. ಮತ್ತೆ ತೊಟ್ಟು ಬಾಗಿಲವರೆಗೆ ನಡೆಯುತ್ತಾರೆ.

"ಹೇಗಿದೆ ಈಗ?" ಅಳಿಯ ಕೇಳುತ್ತಾನೆ.

"ಡ್ಯೂಟಿಗೆ ಹೊತ್ತಾಯ್ತು," ಎಂದು ದಾದಿ ಅದೇ ಬೂಟಿನಲ್ಲಿ ಹೊರಟುಹೋಗುತ್ತಾರೆ.

ಮುಂದಿನ ವಾರ ಪ್ಲಾಸ್ಟಿಕ್ ಅಚ್ಚುಗಳು ಬಂದವು; ದಾದಿಯ ಬೂಟು ಹಿಂದಿರುಗಿ ಬರಲಿಲ್ಲ. ಬೆಂಚು ಕಿಟಕಿಯ ಪಕ್ಕದಲ್ಲೇ ಇದೆ.