ಕಟ್ಟಿದ ಸಿಂಕು, ಹುಣಸೆ ಹಿಪ್ಪೆ

ಸಿಂಕಿನ ಮುಂದೆ ನಿಂತಾಗ ನಾನೀಗ ಮೊದಲು ಮೂಗನ್ನು ಕಳಿಸುತ್ತೇನೆ, ಆಮೇಲೆ ಕೈಯನ್ನು. ಒಂದು ಲೋಟ ತೊಳೆಯುವುದಿದ್ದರೂ ಅಷ್ಟೆ. ಸ್ವಲ್ಪ ದೂರದಲ್ಲಿ ನಿಂತು, ಪಕ್ಕದ ಮನೆಯ ಒಗ್ಗರಣೆ ಯಾವುದೆಂದು ಪತ್ತೆ ಹಚ್ಚುವವಳಂತೆ ಗಾಳಿಯನ್ನು ಒಮ್ಮೆ ಎಳೆದುಕೊಂಡು, ಏನೂ ಇಲ್ಲವೆಂದು ಖಾತ್ರಿಯಾದ ಮೇಲೆ ನಲ್ಲಿ ತಿರುಗಿಸುತ್ತೇನೆ. ನೋಡಿದವರಿಗೆ ಇದು ಮಡಿಯ ಹೊಸದೊಂದು ಬಗೆ ಎನಿಸಬಹುದು. ಹಾಗೇನಿಲ್ಲ. ಅಮೆರಿಕದ ಏಪೆಕ್ಸ್ ಊರಿನ ನಮ್ಮ ಅಡುಗೆಮನೆಯಲ್ಲಿ ಹಬ್ಬದ ಹಿಂದಿನ ಶನಿವಾರ ನಾನು ಕಂಡದ್ದು ಇನ್ನೂ ತಲೆಯಿಂದ ಇಳಿದಿಲ್ಲ. ಇಳಿಯದಿರುವ ವಿಷಯದಲ್ಲಿ ಅದು ನಮ್ಮ ಸಿಂಕಿನ ನೀರಿನ ಹಾಗೆಯೇ.

ಎಲ್ಲ ಶುರುವಾದದ್ದು ಒಂದು ಬಡಪಾಯಿ ಪ್ರಶ್ನೆಯಿಂದ. ಸಿಂಕಿನ ನೀರು ನಿಧಾನವಾಗಿ ಇಳಿಯುತ್ತಿತ್ತು. ಇದನ್ನು ಕ್ಲೀನ್ ಮಾಡಬೇಕೋ, ರಿಪೇರಿ ಮಾಡಿಸಬೇಕೋ? ಒಂದೇ ಸಿಂಕು ತಕರಾರು ಮಾಡಿದರೆ ಕೊಳೆ ಹತ್ತಿರದಲ್ಲೇ ಇದೆ, ತೆಗೆದರಾಯಿತು. ಮನೆಯ ಎರಡು ಮೂರು ಕಡೆ ಒಟ್ಟಿಗೆ ನೀರು ಮುನಿಸಿಕೊಂಡರೆ ದೊಡ್ಡ ಪೈಪಿನಲ್ಲೇ ಏನೋ ಆಗಿದೆ. ಇಷ್ಟನ್ನು ನಾನು ಓದಿಕೊಂಡಿದ್ದೆ. ಆದರೆ ನಮ್ಮ ಮನೆಯ ಪೈಪುಗಳು ಇದನ್ನು ಓದಿಕೊಂಡಿರಲಿಲ್ಲ. ಸಿಂಕು ಒಂದು ದಿನ ಗಂಟಲು ಕಟ್ಟಿದಂತೆ ಕೂತರೆ ಮರುದಿನ ಗಟಗಟ ಕುಡಿಯುತ್ತಿತ್ತು. ಬಟ್ಟೆ ಒಗೆಯುವ ಮಷೀನು ತನ್ನ ನೀರನ್ನು ಹೊರಗೆ ಬಿಟ್ಟಾಗ, ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲದ ಕೆಳಗಿನ ಬಾತ್‌ರೂಮಿನ ಟಬ್ಬು ಗುಳುಗುಳು ಎನ್ನುತ್ತಿತ್ತು. ಒಂದು ಸಾಕ್ಷಿ ಕ್ಲೀನಿಂಗ್ ಪರ, ಇನ್ನೊಂದು ರಿಪೇರಿ ಪರ.

ನನ್ನ ಗಂಡ ಶ್ರೀಧರ ಕ್ಲೀನಿಂಗ್ ಪಕ್ಷ. ಯಾವುದು ಕೆಟ್ಟರೂ ಮೊದಲು ಆಫ್ ಮಾಡಿ ಆನ್ ಮಾಡುವ ವೃತ್ತಿ ಅವನದು. ನಾನು ರಿಪೇರಿ ಪಕ್ಷ. ನನ್ನ ಸ್ವಭಾವದಲ್ಲೇ ಸಣ್ಣ ಕೆಮ್ಮಿಗೆ ಎಕ್ಸ್‌ರೇ ತೆಗೆಸುವ ಗುಣವಿದೆ. ಲಾರೆನ್ಸ್‌ವಿಲ್‌ನಲ್ಲಿರುವ ಪರಿಚಯದ ಅಂಕಲ್ ಒಬ್ಬರನ್ನು ಫೋನಿನಲ್ಲಿ ಕೇಳಿದೆ. ಅವರು ಯಾವ ಪಕ್ಷಕ್ಕೂ ಸೇರದೆ, "ಸಿಂಕಿನ ಕೆಳಗಿರೋ, ಮುಸುರೆ ಅರೆಯೋ ಮಷೀನಿಗೆ ಅನ್ನ ಹಾಕ್ತೀಯೇನಮ್ಮಾ? ಹಾಕ್ಬೇಡ. ನಾವು ಹಾಕಿ ಹಾಕಿ ಪೈಪ್ ಒಳಗೆಲ್ಲ ಇಡ್ಲಿ ಆಗೋಗಿತ್ತು" ಎಂದು ನಕ್ಕು ಫೋನಿಟ್ಟರು.

ಮೈಸೂರಿನಿಂದ ಆರು ತಿಂಗಳಿಗೆಂದು ಬಂದಿದ್ದ ನಮ್ಮತ್ತೆಯದು ಮೂರನೆಯ ಮತ. ಅವರಿಗೆ ಮನೆಯೂ ಮೈಯೂ ಒಂದೇ. ನಮ್ಮ ಹಳೆಯ ವೈದ್ಯದಲ್ಲಿ ಚಿಕಿತ್ಸೆಯನ್ನು ಶೋಧನ, ಶಮನ ಎಂದು ಎರಡು ಮಾಡುತ್ತಾರಂತೆ: ಕೆಟ್ಟದ್ದನ್ನು ಹೊರಗೆ ಹಾಕುವುದು ಒಂದು, ಇದ್ದಲ್ಲೇ ಸಮಾಧಾನಪಡಿಸುವುದು ಇನ್ನೊಂದು. ಅತ್ತೆಗೆ ಎರಡನೆಯದರಲ್ಲಿ ನಂಬಿಕೆ ಕಡಿಮೆ. ತಲೆನೋವಾಗಲಿ, ಪರೀಕ್ಷೆಯಲ್ಲಿ ಅಂಕ ಕಡಿಮೆಯಾಗಲಿ, ಮೊದಲು ಹರಳೆಣ್ಣೆ. ಸಿಂಕಿನ ವಿಷಯ ಕೇಳಿದಾಗಲೂ, "ಬಿಸಿನೀರು ಹಾಕಿ ಹೊಟ್ಟೆ ತೊಳೀರಿ, ತಾನೇ ಹೋಗತ್ತೆ" ಎಂದರು. ಆದರೆ ಅವರ ಸ್ವಂತ ಉಬ್ಬಸಕ್ಕೆ ಮಾತ್ರ ಹರಳೆಣ್ಣೆ ನಡೆಯದೆ, ಬಾಯಿಗೆ ಒತ್ತಿಕೊಳ್ಳುವ ಪಂಪನ್ನು ಹೋದಲ್ಲೆಲ್ಲ ಇಟ್ಟುಕೊಂಡು ಓಡಾಡುತ್ತಿದ್ದರು.

ಈಗ ಹುಣಸೆ ಹಿಪ್ಪೆಯ ವಿಷಯ. ಸಾರಿಗೆ ಹುಣಸೆಹಣ್ಣು ಕಿವುಚಿದ ಮೇಲೆ ಉಳಿಯುವ ಹಿಪ್ಪೆಯನ್ನು ನಮ್ಮತ್ತೆ ಎಸೆಯುವುದಿಲ್ಲ. ಮೊಸರಿನ ಖಾಲಿ ಡಬ್ಬಿಯಲ್ಲಿ ತುಂಬಿಸಿ ಫ್ರಿಜ್ಜಿನ ಹಿಂದಿನ ಸಾಲಿನಲ್ಲಿಡುತ್ತಾರೆ. ಮೊಸರೆಂದು ತೆರೆದು ನಾನು ಎಷ್ಟು ಸಲ ಮೋಸಹೋಗಿದ್ದೇನೋ. ಹಬ್ಬ ಹತ್ತಿರ ಬಂದಾಗ ಆ ಡಬ್ಬಿ ಹೊರಗೆ ಬರುತ್ತದೆ, ಒಂದಿಷ್ಟು ಉಪ್ಪು, ಹಿಂಡಿದ ನಿಂಬೆ ಹೋಳುಗಳೂ ಸೇರುತ್ತವೆ, ಹಿತ್ತಾಳೆಯ ದೀಪಗಳು ಬಂಗಾರವಾಗುತ್ತವೆ. ಅಮೆರಿಕದ ಅಂಗಡಿಯಲ್ಲಿ ಹಿತ್ತಾಳೆಗೆಂದೇ ಸಿಗುವ ಪಾಲಿಶನ್ನು ನಾನು ತಂದುಕೊಟ್ಟರೆ, ದೇವರಿಗೆ ಸೀಮೆಎಣ್ಣೆ ವಾಸನೆ ಆಗುವುದಿಲ್ಲ ಎಂದು ಗ್ಯಾರೇಜಿಗೆ ಸಾಗಿಸಿದ್ದರು.

ಆ ಶನಿವಾರದ ಹೊತ್ತಿಗೆ ನಾನು ಸೋಮವಾರಕ್ಕೆ ಪ್ಲಂಬರನ್ನು ಕರೆದಿದ್ದೆ. ಅಂದರೆ ಶ್ರೀಧರನಿಗೆ ತನ್ನ ಪಕ್ಷವನ್ನು ಗೆಲ್ಲಿಸಲು ಎರಡೇ ದಿನ ಉಳಿದಿತ್ತು. ಅವನು ಯಾರಿಗೂ ಹೇಳದೆ, ಡ್ರೈನಿಗೆ ಹಾಕುವ ಬ್ಲೀಚಿನ ದ್ರಾವಣವನ್ನು ಒಂದು ಬಾಟಲಿ ಪೂರ್ತಿ ಸುರಿದು, ಅದು ಕೆಲಸ ಮಾಡಲಿ ಎಂದು ಮಹಡಿಗೆ ಹೋಗಿ ಆಫೀಸಿನ ಕಾಲ್‌ಗೆ ಕೂತ. ಕಟ್ಟಿದ್ದ ಸಿಂಕಲ್ಲವೇ, ದ್ರಾವಣ ಕೆಳಗಿಳಿಯದೆ ನಿಂತ ನೀರಿನಲ್ಲಿ ಬೆರೆತು ಅಲ್ಲೇ ಉಳಿಯಿತು. ನೋಡಲು ಬರೀ ನೀರು. ಸ್ವಲ್ಪ ಹೊತ್ತಿಗೆ ಅತ್ತೆ ದೀಪಗಳನ್ನೂ ಡಬ್ಬಿಯನ್ನೂ ತಂದರು. ಹಿಪ್ಪೆಯನ್ನು ಬಿಸಿನೀರಲ್ಲಿ ಕಲಸಿ, ಮೊದಲ ದೀಪ ಉಜ್ಜಿ, ಆ ಹುಣಸೆ ನೀರನ್ನೆಲ್ಲ ಸಿಂಕಿಗೆ ಸುರಿದರು.

ನಾನು ಊಟದ ಮೇಜಿನ ಹತ್ತಿರ ಕೂತು ಸೊಪ್ಪು ಬಿಡಿಸುತ್ತಿದ್ದೆ. ಈಜುಕೊಳದ ವಾಸನೆ ಬಂತು. ಬಿ.ಎಸ್ಸಿ.ಯಲ್ಲಿ ಕೆಮಿಸ್ಟ್ರಿ ಓದಿ ಬಹುಮಾನವನ್ನೂ ಪಡೆದವಳು ನಾನು. ಆ ಬಹುಮಾನಿತ ತಲೆಗೆ ಹೊಳೆದ ಮೊದಲ ಆಲೋಚನೆ, ಪರವಾಗಿಲ್ಲ, ಏನೋ ಚೆನ್ನಾಗಿ ಕ್ಲೀನಾಗುತ್ತಿದೆ ಎಂಬುದು.

ಅತ್ತೆ ಕೆಮ್ಮಿದರು. "ಸುಮಾ, ಏನೇ ಇದು, ಘಾಟು" ಎಂದರು. ಎಂದು, ಸೆರಗನ್ನು ಮೂಗಿಗೆ ಒತ್ತಿಕೊಂಡು ಎರಡನೆಯ ದೀಪ ಉಜ್ಜತೊಡಗಿದರು. ಇದನ್ನೇ ನಾನು ಮತ್ತೆ ಮತ್ತೆ ನೋಡುತ್ತಿರುತ್ತೇನೆ. ಬ್ಯಾಡಗಿ ಮೆಣಸಿನಕಾಯಿ ಹುರಿದು, ಇಂಗಿನ ಒಗ್ಗರಣೆ ಕೊಟ್ಟು ಬೆಳೆದ ಅಡುಗೆಮನೆಯವರಿಗೆ ಘಾಟೆಂದರೆ ಅಪಾಯವಲ್ಲ, ಕೆಲಸ ನಡೆಯುತ್ತಿದೆ ಎಂಬುದರ ಗುರುತು. ಕೆಮ್ಮುತ್ತೇವೆ, ಕಣ್ಣೊರೆಸಿಕೊಳ್ಳುತ್ತೇವೆ, ಸೌಟು ಬಿಡುವುದಿಲ್ಲ. ಬೇರೆ ಯಾವ ಮನೆಯಲ್ಲಾದರೂ ಆ ಗಾಳಿಗೆ ಜನ ಹೊರಗೋಡುತ್ತಿದ್ದರು. ನಮ್ಮತ್ತೆ ಇನ್ನಷ್ಟು ಹುಣಸೆ ಹಾಕಿದರು. ನಾನು ಇನ್ನೊಂದು ಕಟ್ಟು ಸೊಪ್ಪು ಎತ್ತಿಕೊಂಡೆ.

ಆಮೇಲೆ ಕೆಮ್ಮು ನಿಲ್ಲಲಿಲ್ಲ. ಕೆಮ್ಮಿನ ನಡುವೆ ಬರಬೇಕಾದ ಉಸಿರು ಬರುತ್ತಿಲ್ಲವೆಂದು ಗೊತ್ತಾದಾಗ ಎದ್ದೆ. ಅವರು ಒಂದು ಕೈಯಲ್ಲಿ ಕಟ್ಟೆಯನ್ನು ಹಿಡಿದು ಬಗ್ಗಿದ್ದರು. ನನ್ನ ಕಣ್ಣು ಉರಿಯಿತು, ಗಂಟಲು ಹಿಂಡಿದಂತಾಯಿತು. ಅವರನ್ನು ಸೊಂಟ ಹಿಡಿದು ಎಳೆದುಕೊಂಡು ಹಿತ್ತಲಿನ ಡೆಕ್‌ಗೆ ತಂದೆ. ಇನ್ನೊಂದು ಕೈಯಲ್ಲಿದ್ದ ದೀಪವನ್ನು ಅವರು ಬಿಡಲೇ ಇಲ್ಲ. ನನ್ನ ಕೂಗಿಗೆ ಶ್ರೀಧರ ಕಿವಿಗೆ ಹೆಡ್‌ಸೆಟ್ ಹಾಕಿಕೊಂಡೇ ಓಡಿಬಂದ.

"ಅಮ್ಮ, ಪಂಪ್ ಎಲ್ಲಿದೆ?"

ಅತ್ತೆ ದೀಪವನ್ನೆತ್ತಿ ಅಡುಗೆಮನೆಯ ಕಡೆ ತೋರಿಸಿದರು. ಪಂಪು ಸಿಂಕಿನ ಪಕ್ಕದ ಕಿಟಕಿಯ ಕಟ್ಟೆಯ ಮೇಲಿತ್ತು. ಅವನು ಉಸಿರು ಬಿಗಿಹಿಡಿದು ಒಳಗೆ ಹೋಗಿ ಬಂದ. ಅವನು ಬರುವವರೆಗೂ ನಾನು ಅತ್ತೆಯ ಬೆನ್ನು ಉಜ್ಜುತ್ತ, ಯಾವ ದೇವರಿಗೆ ಹೇಳಿಕೊಳ್ಳಬೇಕೆಂದು ತಿಳಿಯದೆ ಅವರ ಕೈಯ ದೀಪವನ್ನೇ ನೋಡುತ್ತಿದ್ದೆ.

ಫೋನು ಮಾಡಿದ್ದಕ್ಕೆ ಆಂಬ್ಯುಲೆನ್ಸಿನ ಜೊತೆ ಅಗ್ನಿಶಾಮಕದವರೂ ಬಂದರು. ಅತ್ತೆಯ ಮುಖಕ್ಕೆ ಆಮ್ಲಜನಕ, ಮನೆಯ ಕಿಟಕಿಗಳಿಗೆಲ್ಲ ದೊಡ್ಡ ಫ್ಯಾನು. ಏನು ಏನು ಬೆರೆಸಿದಿರಿ ಎಂದು ಅವರಲ್ಲೊಬ್ಬ ಕೇಳಿದ. ಬಾಟಲಿಯ ಕಥೆಯನ್ನು ಶ್ರೀಧರ ಅಷ್ಟರಲ್ಲಿ ಒಪ್ಪಿಕೊಂಡಿದ್ದ; ಬ್ಲೀಚು ಮತ್ತು ಹುಣಸೆ ಎಂದೆ. ಅವನು ಟೋಪಿ ಸರಿಮಾಡಿಕೊಂಡು, ಮಿಠಾಯಿಯಲ್ಲಿ ಹಾಕ್ತಾರಲ್ಲ, ಆ ಹುಣಸೆಯೇ ಎಂದು ಖಚಿತಪಡಿಸಿಕೊಂಡ. ಬ್ಲೀಚಿಗೆ ಹುಳಿ ಸೇರಿದರೆ ಕ್ಲೋರಿನ್ ಏಳುತ್ತದೆ ಎಂಬುದು ನನಗೆ ಆಗ ನೆನಪಿಗೆ ಬಂತು, ಪಾಠದ ಪುಟದ ಸಮೇತ.

ಆಸ್ಪತ್ರೆಯಿಂದ ಸಂಜೆಯೇ ಕಳಿಸಿದರು. ಉಸಿರು ಸರಿಹೋಯಿತು, ಅತ್ತೆ ಸರಿಹೋಗಲಿಲ್ಲ. ಅಡುಗೆಮನೆಗೆ ಕಾಲಿಡುವುದನ್ನೇ ಬಿಟ್ಟರು. ಕಾಫಿಯನ್ನೂ ಮೇಜಿಗೇ ತಂದುಕೊಡಬೇಕು. "ನಿಮ್ಮನೆ ನೀವು ನೋಡ್ಕೊಳ್ಳಿ ಕಣಮ್ಮ. ಟಿಕೆಟ್ ಮುಂಚೆಗೆ ಹಾಕಕ್ಕಾಗತ್ತಾ ಕೇಳು ಅವನನ್ನ" ಎಂದರು. ಹಿಂದಿನ ವಾರದವರೆಗೂ ಅವರ ಬಾಯಲ್ಲಿ ಅದು ನಮ್ಮನೆ ಆಗಿತ್ತು. ತಾನು ಸುರಿದ ಬಾಟಲಿಗಾಗಿ ಶ್ರೀಧರ ಎಷ್ಟು ಸಲ ಕ್ಷಮೆ ಕೇಳಿದರೂ ಅವರು, "ನಿಂದೇನಿಲ್ಲ ಬಿಡೋ" ಎನ್ನುತ್ತಿದ್ದರು. ಅಷ್ಟು ಸೌಮ್ಯವಾಗಿ ಅವರು ಮಾತಾಡಿದ್ದನ್ನು ನಾವು ಕೇಳಿಯೇ ಇರಲಿಲ್ಲ. ಅದಕ್ಕೇ ಭಯವಾಯಿತು. ಈಗ ಪ್ರಶ್ನೆ ಬೇರೆಯದಾಯಿತು. ಅವರ ಮನಸ್ಸಿನಲ್ಲಿ ಏನೋ ಕಟ್ಟಿಕೊಂಡಿದೆಯೋ, ತಾನೇ ಇಳಿಯುತ್ತದೋ, ಅಥವಾ ಏನಾದರೂ ಮುರಿದೇ ಹೋಗಿದೆಯೋ?

ಸೋಮವಾರ ಪ್ಲಂಬರ್ ಬಂದ. ಪೈಪಿನೊಳಗೆ ಕ್ಯಾಮೆರಾ ಬಿಟ್ಟು ನೋಡಿ, ಎರಡೂ ಹೌದು ಎಂದ. ತುಪ್ಪ, ಅನ್ನ ಗಟ್ಟಿಯಾಗಿ ಅಂಟಿವೆ, ತೆಗೆಯಬಹುದು. ನೆಲದಡಿಯ ಪೈಪು ಒಂದು ಕಡೆ ಜೋತುಬಿದ್ದಿದೆ, ಅದು ಅಗೆದು ಮಾಡುವ ರಿಪೇರಿ. ಮಾಡಿಸಬೇಕೋ ಬೇಡವೋ ಎಂದು ಕೇಳಿದರೆ, "ಈ ಮನೆಯಲ್ಲಿ ಎಷ್ಟು ವರ್ಷ ಇರ್ತೀರಿ?" ಎಂದು ನಮ್ಮನ್ನೇ ಕೇಳಿದ. ನಾನೂ ಶ್ರೀಧರನೂ ಮುಖ ಮುಖ ನೋಡಿಕೊಂಡೆವು. ಗ್ರೀನ್ ಕಾರ್ಡಿನ ಸಾಲಿನಲ್ಲಿ ನಿಂತವರನ್ನು ಈ ಪ್ರಶ್ನೆ ಕೇಳಬಾರದು. ಸಿಂಕಿನ ಬಗ್ಗೆ ಸಲಹೆ ಕೇಳಿದರೆ ಬಾಳಿನ ಬಗ್ಗೆ ಕೇಳುತ್ತಾನಲ್ಲ ಎನಿಸಿತು. ಸದ್ಯಕ್ಕೆ ಕ್ಲೀನ್ ಮಾಡಿ ಎಂದೆವು.

ಕೆಲವು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತರು. ಕೈಯಲ್ಲಿ ಕುಡಿದ ಕಾಫಿ ಲೋಟ.

"ಸುಮಾ, ಸಿಂಕಲ್ಲಿ ಏನಿದೆಯೇ?"

"ಏನಿಲ್ಲ ಅತ್ತೆ, ಬರೀ ನೀರು."

"ನಿನ್ನ ಗಂಡ ಏನಾದ್ರೂ ಹಾಕಿದ್ದಾನೋ?"

ಮಹಡಿಯಿಂದ ಉತ್ತರ ಬಂತು. "ಇಲ್ಲಮ್ಮ, ಏನೂ ಹಾಕಿಲ್ಲ."

ಅತ್ತೆ ಗಾಳಿಯನ್ನು ಒಮ್ಮೆ ಎಳೆದುಕೊಂಡರು, ನನ್ನಂತೆಯೇ. ಆಮೇಲೆ ಒಳಗೆ ಬಂದು ಲೋಟ ತೊಳೆದರು. ನೀರು ಇಳಿಯುವವರೆಗೂ ನಿಂತು ನೋಡಿ, ನಾನು ಒಲೆಯ ಮೇಲಿಟ್ಟಿದ್ದ ಸಾರಿನ ರುಚಿ ನೋಡಿ ಉಪ್ಪು ಹಾಕಿದರು. ಟಿಕೆಟ್ಟಿನ ಮಾತು ಆಮೇಲೆ ಬರಲಿಲ್ಲ.

ಅಂದಿನಿಂದ ನಮ್ಮ ಮನೆಯಲ್ಲಿ ಸಿಂಕಿಗೆ ಏನು ಸುರಿಯುವುದಿದ್ದರೂ ಕೂಗಿ ಹೇಳುವ ಪದ್ಧತಿ ಬಂದಿದೆ. "ಗಂಜಿ ಸುರೀತಿದ್ದೀನಿ" ಎಂಬ ಅತ್ತೆಯ ಘೋಷಣೆ ಶ್ರೀಧರನ ಆಫೀಸಿನ ಕಾಲ್‌ಗಳಲ್ಲೂ ಕೇಳಿಸುತ್ತದಂತೆ. ಅದೇನೆಂದು ಅವನ ಮ್ಯಾನೇಜರು ವಿಚಾರಿಸಿದ್ದಾರೆ. ಒಂದೇ ಸೂರಿನಡಿ ಮೂರು ಜನ ಸಿಂಕಿನ ಬಗ್ಗೆ ವಾರಗಟ್ಟಲೆ ಮಾತಾಡಿದ್ದೆವು. ಸಿಂಕಿಗೆ ಏನು ಹಾಕಿದೆವೆಂದು ಮಾತ್ರ ಯಾರೂ ಹೇಳಿರಲಿಲ್ಲ.

ನಿನ್ನೆ ನೀರು ಮತ್ತೆ ನಿಧಾನವಾಯಿತು. ನಾನು ರಿಪೇರಿ ಎಂದೆ, ಶ್ರೀಧರ ಕ್ಲೀನಿಂಗ್ ಎಂದ. ನಮ್ಮ ನಡುವೆ ಏನೂ ಬದಲಾಗಿಲ್ಲ. ಆದರೆ ಈ ಸಲ ಅವನು ಹೊಸದೊಂದು ಬಾಟಲಿಯನ್ನು, ಏನೂ ಅಪಾಯವಿಲ್ಲ ಎಂದು ಬರೆದದ್ದನ್ನು, ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದು ನಮ್ಮಿಬ್ಬರ ಮುಂದೆ ನಿಂತ.

"ಅಮ್ಮ, ಇದನ್ನ ಹಾಕ್ಲಾ?"

ಅತ್ತೆ ಫ್ರಿಜ್ಜಿನ ಹಿಂದಿನ ಸಾಲಿನಿಂದ ತಮ್ಮ ಮೊಸರಿನ ಡಬ್ಬಿ ತೆಗೆದು, ಅವನ ಬಾಟಲಿಯಿಂದ ಆದಷ್ಟು ದೂರದಲ್ಲಿ, ತಮ್ಮ ಮಡಿಲಲ್ಲಿಟ್ಟುಕೊಂಡು ಕೂತರು.

"ಮೊದಲು ಅದರ ಹಿಂದುಗಡೆ ಇರೋ ಸಣ್ಣಕ್ಷರ ಓದೋ" ಎಂದರು. "ಇವಳು ಕೆಮಿಸ್ಟ್ರಿ ಓದಿದ್ದಾಳೆ, ನಂಬಕ್ಕಾಗಲ್ಲ."