ಹಿಮ್ಮೇಳದ ಬಸಣ್ಣ ಊರು ಬಿಟ್ಟ ಶ್ರಾವಣ

ಆ ವರ್ಷ ಶ್ರಾವಣದ ಮೊದಲ ಸೋಮವಾರ ಬಸಣ್ಣ ನಮ್ಮೂರ ಭಜನಾ ಮೇಳ ಬಿಟ್ಟ. ಕಾರಟಗಿಯ ಅಕ್ಕಿ ಗಿರಣಿಯಲ್ಲಿ ಅವನಿಗೆ ಕೆಲಸ ಸಿಕ್ಕಿತ್ತು. ಅಲ್ಲಿನ ಮೇಳದವರು ಮರುವಾರವೇ ಅವನನ್ನು ಸೇರಿಸಿಕೊಂಡರು.

ಹಾಡುಗಳು ಮೆಮೊರಿ ಕಾರ್ಡಿನಲ್ಲಿ ಒಬ್ಬರ ಫೋನಿನಿಂದ ಇನ್ನೊಬ್ಬರ ಫೋನಿಗೆ ದಾಟುತ್ತಿದ್ದ ದಿನಗಳವು. ಕುಷ್ಟಗಿ ಕಡೆಯ ನಮ್ಮ ಹಳ್ಳಿಯಲ್ಲಿ ಸಿನಿಮಾ ನಟರಿಗಿಂತ ಮೇಳದವರಿಗೆ ಹೆಚ್ಚು ಅಭಿಮಾನಿಗಳಿದ್ದರು. ನಾನಾಗ ಐದನೇ ತರಗತಿ. ಅಪ್ಪನ ಫೋನಿನ ಕಾರ್ಡಿನ ತುಂಬ ನಮ್ಮ ಮೇಳದ್ದೇ ಹಾಡು.

ದ್ಯಾಮಣ್ಣ ಕಾಕಾ ಹಾರ್ಮೋನಿಯಂ ಪೇಟಿ ಬಾರಿಸುತ್ತ ಮುಂದೆ ಹಾಡುತ್ತಿದ್ದ, ಬಸಣ್ಣ ಹಿಮ್ಮೇಳ. ಸಾಲಿನ ಕೊನೆಯ ಶಬ್ದ ಇನ್ನೂ ದ್ಯಾಮಣ್ಣನ ಬಾಯಲ್ಲಿರುವಾಗಲೇ ಬಸಣ್ಣ ಅದನ್ನು ಏರುದನಿಯಲ್ಲಿ ಎತ್ತಿಕೊಳ್ಳುತ್ತಿದ್ದ. ಆ ಹೊತ್ತಿನಲ್ಲಿ ದ್ಯಾಮಣ್ಣ ಉಸಿರು ತೆಗೆದುಕೊಳ್ಳುತ್ತಿದ್ದ. ಒಬ್ಬನ ದನಿ ಎಲ್ಲಿ ಮುಗಿಯಿತು, ಇನ್ನೊಬ್ಬನದು ಎಲ್ಲಿ ಶುರುವಾಯಿತು ತಿಳಿಯುತ್ತಿರಲಿಲ್ಲ. ನಾನೂ ಗೆಳತಿ ರೇಣುಕಾಳೂ ಆಡುತ್ತಿದ್ದುದು ಅದೇ ಆಟ. ಕಟ್ಟೆಯ ಮೇಲೆ ಕೂತು, ಊಟದ ತಾಟುಗಳನ್ನೇ ದಮ್ಮಡಿಯಂತೆ ಬಡಿಯುತ್ತ ನಾನು ದ್ಯಾಮಣ್ಣನಾಗುತ್ತಿದ್ದೆ, ಅವಳು ಬಸಣ್ಣ.

ಬಸಣ್ಣನ ಜಾಗಕ್ಕೆ ಟೇಲರ್ ಹುಸೇನಸಾಬ ಬಂದ. ಒಳ್ಳೆಯ ಕಂಠ. ಆದರೆ ದ್ಯಾಮಣ್ಣನ ಸಾಲು ಪೂರ್ತಿ ಮುಗಿಯುವವರೆಗೆ ಮರ್ಯಾದೆಯಿಂದ ಕಾಯುತ್ತಿದ್ದ. ನಡುವೆ ಬರೀ ತಾಳದ ಸದ್ದು.

“ನಾ ಹುಸೇನಸಾಬ ಆಗಂಗಿಲ್ಲ” ಎಂದು ರೇಣುಕಾ ತಾಟು ಕೆಳಗಿಟ್ಟಳು.

ನಾನು ನೇರ ದ್ಯಾಮಣ್ಣನ ಮನೆಗೆ ಹೋದೆ. ಅವನು ಹುರಿದ ಶೇಂಗಾದ ಸಿಪ್ಪೆ ತೆಗೆಯುತ್ತ ಕೂತಿದ್ದ.

“ಕಾಕಾ, ಬಸಣ್ಣನ್ನ ಹೊಳ್ಳಿ ಕರೀರಿ.”

“ಗಿರಣ್ಯಾಗ ಚೀಲ ಯಾರು ಹೊಲಿಬೇಕು, ನೀನ?” ಎಂದು ನಕ್ಕವನು, ಒಂದು ಹಿಡಿ ಶೇಂಗಾ ನನ್ನ ಕೈಗೆ ಸುರಿದು ದನಿ ತಗ್ಗಿಸಿದ. “ಈ ಶ್ರಾವಣ ನೋಡ್ತೀನವಾ. ಹೊಂದಲಿಲ್ಲಂದ್ರ ಪೇಟಿ ಮುಚ್ಚಿ ಅಟ್ಟಕ್ಕ ಇಡತೀನಿ. ಒಬ್ಬನ ಹಾಡಾಕ ನನಗ ಉಸುರು ಸಾಲಂಗಿಲ್ಲ.”

ಆ ಶೇಂಗಾ ನನಗೆ ರುಚಿಸಲಿಲ್ಲ.

ಶ್ರಾವಣದ ಕೊನೆಯ ಸೋಮವಾರ ಮಧ್ಯಾಹ್ನ ಪಕ್ಕದೂರಿನ ಮಠದಲ್ಲಿ ಭಜನಾ ಸ್ಪರ್ಧೆ. ಟ್ರ್ಯಾಕ್ಟರಿನಲ್ಲಿ ಹೋದೆವು. ಒಳಗೆ ಊದುಬತ್ತಿಯ ವಾಸನೆ, ಹೊರಗೆ ಮಿರ್ಚಿ ಕರಿಯುವ ಎಣ್ಣೆಯ ವಾಸನೆ. ಕಾರಟಗಿ ಮೇಳ ಹಾಡಿ ಮುಗಿಸಿ ಎದುರಿಗೆ ಕೂತಿತ್ತು. ಎಲ್ಲರ ತಲೆಗೂ ಹಳದಿ ಪಟಗ. ಬಸಣ್ಣನ ತಲೆಗೂ.

ದ್ಯಾಮಣ್ಣ ಮೊದಲ ಸಾಲು ಎತ್ತಿದ. ಕೊನೆಗೆ ಬರುವಾಗ ಉಸಿರು ತಗ್ಗಿತು. ಹುಸೇನಸಾಬ ಕಾದ. ಅಷ್ಟರಲ್ಲಿ ಏರುದನಿ ಬಂತು, ಎದುರಿನ ಸಾಲಿನಿಂದ. ಕಣ್ಣು ಮುಚ್ಚಿ ತಲೆದೂಗುತ್ತಿದ್ದ ಬಸಣ್ಣ ರೂಢಿಯಂತೆ ಆ ಶಬ್ದವನ್ನು ಎತ್ತಿಕೊಂಡುಬಿಟ್ಟಿದ್ದ.

ಮಠಕ್ಕೆ ಮಠವೇ ನಕ್ಕಿತು. ಕಾರಟಗಿ ಮೇಳದ ಹಿರಿಯ ಅವನ ತೊಡೆಗೆ ಬಾರಿಸಿ, “ಏ ಮಾರಾಯಾ, ನಮ್ಮ ಪಟಗಾ ಸುತ್ತಿಗೊಂಡು ಅವರಿಗೆ ಹಾಡ್ತೀಯೇನು?” ಎಂದ. ಬಸಣ್ಣ ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡ. ಮೊದಲಿನಿಂದ ಹಾಡಿ ಎಂದು ನಿರ್ಣಾಯಕರು ಹೇಳಿದರು.

ಹುಸೇನಸಾಬ ಮುಂದೆ ಸರಿದು ದ್ಯಾಮಣ್ಣನಿಗೆ ಒತ್ತಿಕೊಂಡು ಕೂತ.

“ಅಣ್ಣಾ, ನಿಮ್ಮ ಬಾಯಾಗಿಂದು ಕಸಗೊಂಡಂಗ ಆಗತೈತಂತ ತಡೀತಿದ್ನಿರಿ.”

“ಕಸಗೊಳ್ಳಲಾ! ಅದಕ್ಕ ಕರಕೊಂಡು ಬಂದೀನಿ.”

ಈ ಸಲ ಹುಸೇನಸಾಬ ಕಾಯಲಿಲ್ಲ. ಬಸಣ್ಣನಷ್ಟು ಮೇಲೆ ಏರಲೂ ಇಲ್ಲ. ತನ್ನದೇ ಕೆಳದನಿಯಲ್ಲಿ, ಶಬ್ದ ಮುಗಿಯುವ ಮೊದಲೇ ಎತ್ತಿಕೊಂಡ. ದ್ಯಾಮಣ್ಣ ಉಸಿರು ತೆಗೆದುಕೊಂಡ. ಹಾಡು ಎಲ್ಲಿಯೂ ತುಂಡಾಗಲಿಲ್ಲ. ರೇಣುಕಾ ನನ್ನ ಬೆನ್ನ ಮೇಲೆ ದಮ್ಮಡಿ ಬಾರಿಸತೊಡಗಿದ್ದಳು.

ಮೊದಲ ಬಹುಮಾನ ಕಾರಟಗಿಗೆ ಹೋಯಿತು. ಪೇಟಿ ಅಟ್ಟ ಹತ್ತಲಿಲ್ಲ. ಟ್ರ್ಯಾಕ್ಟರಿನಲ್ಲಿ ಮರಳುವಾಗ ರೇಣುಕಾ, “ನಾಳೆ ನಾ ಹುಸೇನಸಾಬ” ಎಂದಳು.

ಆ ಕಾರ್ಡ್ ಈಗ ಯಾವ ಫೋನಿನಲ್ಲೂ ತೆರೆಯುವುದಿಲ್ಲ. ದ್ಯಾಮಣ್ಣ ಕಾಕಾ ತೀರಿಕೊಂಡ. ಅವನೂ ಬಸಣ್ಣನೂ ಒಟ್ಟಿಗೆ ಹಾಡಿದ ಒಂದು ಹಾಡೂ ಊರಿನಲ್ಲಿ ಯಾರ ಬಳಿಯೂ ಉಳಿದಿಲ್ಲ, ವಿಚಾರಿಸಿದ್ದೇನೆ. ಮೇಳ ಇದೆ. ಅದೇ ಪೇಟಿ ಹಿಡಿದು ಈಗ ಮುಂದೆ ಹಾಡುವವನು ಹುಸೇನಸಾಬ. ಗಿರಣಿ ಬಿಟ್ಟು ಊರಿಗೆ ಬಂದ ಬಸಣ್ಣ ಕಳೆದ ಶ್ರಾವಣದಿಂದ ಅವನ ಹಿಮ್ಮೇಳಕ್ಕೆ ಕೂರುತ್ತಿದ್ದಾನೆ.